ಅವ್ವ ತಿಕ್ಕಿ ತೊಳೆದ ವಾಲ್ವುಗಳು

ನಮ್ಮ ಸೊಸೆ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಸಂಜೆ ಮನೆಗೆ ಬರುವಾಗ ಚೀಲದಲ್ಲಿ ಒಂದು ಬಿಸ್ಕೀಟಿನ ಡಬ್ಬಿ ತಂದಳು. ಚಹಾಕ್ಕೆ ಜೊತೆಯಾಯಿತೆಂದು ನಾನು ಆಸೆಯಿಂದ ಮುಚ್ಚಳ ತೆಗೆದರೆ, ಒಳಗೆ ಕರಿ ಸ್ಪಂಜಿನ ಮೇಲೆ ಹತ್ತೋ ಹನ್ನೆರಡೋ ಚೌಕ ಬಿಲ್ಲೆಗಳು ಕೂತಿದ್ದವು. ಒಂದೊಂದರ ಹೊಟ್ಟೆಯ ಕೆಳಗೂ ಬಂಗಾರದ ಬಣ್ಣದ ನೂರಾರು ಸಣ್ಣ ಕಾಲು. ಎತ್ತಿ ನೋಡೋಣವೆಂದು ಕೈ ಹಾಕಿದೆ.

“ಪಪ್ಪಾ, ಮುಟ್ಟಬ್ಯಾಡ್ರಿ, ಕಾಲು ಬಾಗ್ತಾವ!” ಎಂದು ಓಡಿ ಬಂದಳು. “ಪ್ರೊಸೆಸರ್ ಅದಾವ ಅವು. ಕಾಲೇಜಿನ್ಯಾಗ ಹಳೇ ಕಂಪ್ಯೂಟರ್ ಎಲ್ಲಾ ಭಂಗಾರಕ್ಕ, ಗುಜರಿಗೆ ಹಾಕಾಕ ಹೊಂಟಿದ್ರು. ಬೋರ್ಡ್ ಸುಟ್ಟಾವ, ಡಬ್ಬಿ ಒಡದಾವ, ಇವು ಮಾತ್ರ ಅಗದಿ ಛಲೋ ಅದಾವ. ತಗದು ಬ್ಯಾರೆ ಬೋರ್ಡಿಗೆ ಹಾಕಿದ್ರ ಇನ್ನೂ ಎಷ್ಟೋ ವರ್ಷ ನಡೀತಾವ.”

ನನ್ನ ಹೆಂಡತಿ ಅಡುಗೆಮನೆಯಿಂದ ಇಣುಕಿ ಡಬ್ಬಿಯನ್ನು ನೋಡಿದಳು, ನನ್ನ ಮುಖವನ್ನೂ ನೋಡಿದಳು. “ಒಬ್ಬರಿದ್ರಿ, ಈಗ ಇಬ್ಬರಾದ್ರಿ” ಎಂದಷ್ಟೇ ಹೇಳಿ ಒಳಗೆ ಹೋದಳು.

ಅವಳು ಹೇಳುವುದರಲ್ಲಿ ಸುಳ್ಳಿಲ್ಲ. ಕೆಟ್ಟ ಯಂತ್ರವನ್ನು ಹೊಟ್ಟೆ ಬಿಚ್ಚಿ ನೋಡದೆ ಭಂಗಾರದವನಿಗೆ ಕೊಟ್ಟದ್ದು ನನ್ನ ಜನ್ಮದಲ್ಲಿ ಇಲ್ಲ. ಮಿಕ್ಸರ್ ಹೋದರೆ ಅದರ ಮೋಟಾರು ನನ್ನ ಮಂಚದ ಕೆಳಗೆ ಬರುತ್ತದೆ. ಇಸ್ತ್ರಿ ಹೋದರೆ ವಯರು ಬರುತ್ತದೆ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಇರುವುದು ನೋಡಲು ಒಂದು ಗಡಿಯಾರ, ಒಳಗಿನ ಭಾಗಗಳ ಲೆಕ್ಕ ಹಾಕಿದರೆ ಮೂರು ಗಡಿಯಾರ. ಅದು ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತದೆ. ಮೂರು ಗಡಿಯಾರಗಳ ಹುರುಪು ಒಂದರಲ್ಲೇ ಇದ್ದರೆ ಓಡದೆ ಏನು ಮಾಡೀತು ಎಂದು ನಾನು ಸಮಾಧಾನ ಹೇಳುತ್ತೇನೆ. ಮನೆಯವರು ಕೇಳುವುದಿಲ್ಲ, ಮೊಬೈಲು ನೋಡುತ್ತಾರೆ.

ಸೊಸೆಯ ಡಬ್ಬಿ ನೋಡಿದಾಗ ನನಗೆ ಎಪ್ಪತ್ತರ ದಶಕದ ನನ್ನ ಡಬ್ಬಿ ನೆನಪಾಯಿತು. ಅದರಲ್ಲಿದ್ದದ್ದು ರೇಡಿಯೋದ ವಾಲ್ವುಗಳು. ಈಗಿನವರಿಗೆ ವಾಲ್ವ್ ಎಂದರೆ ನೀರಿನ ನಳವೋ, ಇಲ್ಲವೆ ಎದೆಯ ಆಪರೇಷನ್ನೋ ನೆನಪಾಗುತ್ತದೆ. ಆಗಿನ ದೊಡ್ಡ ಮರದ ರೇಡಿಯೋದ ಬೆನ್ನಿನ ರಟ್ಟು ಬಿಚ್ಚಿದರೆ ಒಳಗೆ ಹೆಬ್ಬೆರಳು ಗಾತ್ರದ ಐದಾರು ಗಾಜಿನ ಬುಡ್ಡಿಗಳು ಸಾಲಾಗಿ ನಿಂತಿರುತ್ತಿದ್ದವು. ಬುಡ್ಡಿಯೊಳಗೆ ಜಾಲರಿ, ತಂತಿ, ತಗಡು. ಕೆಳಗೆ ಸೂಜಿಯಂಥ ಒಂಬತ್ತು ಕಾಲು. ಬಟನ್ ತಿರುಗಿಸಿದರೆ ಅವು ನಿಧಾನವಾಗಿ ಕೆಂಪಗೆ ಕಾಯ್ದು, ಅರ್ಧ ನಿಮಿಷದ ಮೇಲೆ ಪೆಟ್ಟಿಗೆ ಮಾತಾಡುತ್ತಿತ್ತು. ಒಂದು ವಾಲ್ವ್ ಸತ್ತರೂ ಇಡೀ ರೇಡಿಯೋ ಮೌನ. ಉಳಿದವು ಗಟ್ಟಿಮುಟ್ಟಾಗಿದ್ದರೂ ಸುಮ್ಮನೆ ಕೂಡಬೇಕು.

ನಮ್ಮದು ಸೋಲಾಪುರದಲ್ಲಿ ನೂಲಿನ ಅಂಗಡಿ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಗಿರಾಕಿಗಳ ಜೊತೆ ಯಾವುದು ಬಾಯಿಗೆ ಬರುತ್ತದೋ ಅದು. ಆಗ ನನಗೆ ಇಪ್ಪತ್ತೆರಡು. ಗಲ್ಲೆಯ ಮೇಲೆ ಕೂತು ನೂಲು ಮಾರುತ್ತಿದ್ದರೂ ನಾನು ಮನಸ್ಸಿನಲ್ಲಿ ರೇಡಿಯೋ ಇಂಜಿನಿಯರ್ ಆಗಿದ್ದೆ. ಮುಂಬೈಯಿಂದ ಟಪಾಲಿನಲ್ಲಿ ಬರುವ ಇಂಗ್ಲಿಷ್ ಪಾಠಗಳನ್ನು ತರಿಸಿದ್ದೆ. ಚಿತ್ರಗಳನ್ನು ಚೆನ್ನಾಗಿ ಓದುತ್ತಿದ್ದೆ. ಖರೇ ವಿದ್ಯೆ ಕಲಿಸಿದವನು ಮಂಗಳವಾರ ಪೇಟೆಯ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮೌಲಾಸಾಬ. ಅವನ ಮೊದಲ ಪಾಠ ಮೂರೇ ಮಾತಿನದು.

“ಬೇಟಾ, ಗಾಜು ನೋಡಬ್ಯಾಡ, ಗಾಜಿನ ಮ್ಯಾಲಿನ ನಂಬರ್ ನೋಡು. ಮುಖ ಎಲ್ಲಾವೂ ಒಂದ ನಮೂನಿ ಇರ್ತಾವ. ತಪ್ಪು ವಾಲ್ವ್ ಹಾಕಿದಿ ಅಂದ್ರ ಉಳಿದ ನಾಲ್ಕೂ ಖಲಾಸ್.”

ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಸಣ್ಣಗೆ ಅಚ್ಚು ಹಾಕಿದ ಆ ನಂಬರೇ ವಾಲ್ವಿನ ಜಾತಕ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಈ ಪ್ರಬಂಧದ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲ.

ಈಗ ನೀಲವ್ವತ್ತಿಯ ವಿಷಯ ಹೇಳಬೇಕು. ಅವಳು ನಮ್ಮಪ್ಪನ ತಂಗಿ. ಅಕ್ಕಲಕೋಟದ ಹೊಲಮನೆಯವರಿಗೆ ಕೊಟ್ಟಿದ್ದರು. ಮನೆ ತುಂಬ ಜನ, ಕೊಟ್ಟಿಗೆ ತುಂಬ ದನ, ಮತ್ತು ಬೆಳಗಾದರೆ ಬೀಸುವ ಕಲ್ಲಿನ ಮುಂದೆ ಅತ್ತಿಯ ಪದ. ಹಿಟ್ಟಿನ ಗಿರಣಿ ಓಣಿಗೇ ಬಂದಿತ್ತು, ಆದರೂ ಅವಳು ದಿನಾ ಒಂದು ಸೇರು ಜೋಳ ಬೀಸುತ್ತಿದ್ದಳು. ಹಿಟ್ಟಿಗಾಗಿ ಅಲ್ಲ, ಹಾಡಲು ನೆಪ ಬೇಕಾಗಿತ್ತು. ಸುಮ್ಮನೆ ಕೂತು ಹಾಡಿದರೆ ಮನೆಯ ಹೆಂಗಸಿಗೆ ಹುಚ್ಚು ಎನ್ನುತ್ತಾರೆ. ಕಲ್ಲು ತಿರುವುತ್ತ ಹಾಡಿದರೆ ಕೆಲಸ ಎನ್ನುತ್ತಾರೆ.

ಆ ವರ್ಷ ಗುಲಬರ್ಗಾದ ರೇಡಿಯೋದವರು ಹಳ್ಳಿಯ ಹಾಡು ಕೂಡಿಸಲು ಬಂದಾಗ ಯಾರೋ ಅತ್ತಿಯ ಹೆಸರು ಹೇಳಿದ್ದರು. ಅವಳೂ ಹಿಂದೆ ದನಿ ಹಿಡಿಯುವ ಮೂವರು ಗೆಳತಿಯರೂ ರೈಲು ಹತ್ತಿ ಗುಲಬರ್ಗಾಕ್ಕೆ ಹೋಗಿ ಮೂರು ಪದ ಹಾಡಿ ಬಂದರು. ಬೀಸುವ ಕಲ್ಲು ಇಲ್ಲದೆ ಕೈ ಸುಮ್ಮನಿರಲಿಲ್ಲವಂತೆ. ಟೇಬಲ್ಲಿನ ಮೇಲೆ ಕೈ ತಿರುವುತ್ತ ಹಾಡಿದಳಂತೆ. ನಂತರ ಒಂದು ಕಾರ್ಡ್ ಬಂತು. ದಸರೆಯಾದ ಎರಡನೆಯ ದಿನ ಬೆಳಿಗ್ಗೆ, ಬಾತಮಿ ಅಂದರೆ ವಾರ್ತೆ ಮುಗಿದ ಮೇಲೆ, ಹಾಡು ಬರುತ್ತದೆ ಎಂದು. ಕಾರ್ಡ್ ಕನ್ನಡದಲ್ಲಿತ್ತು. ಮಕ್ಕಳೆಲ್ಲ ಮರಾಠಿ ಸಾಲಿಯವರು, ಗಂಡ ಓದುವುದೂ ಮರಾಠಿ ಪೇಪರ್. ಆ ಮನೆಯಲ್ಲಿ ಅಕ್ಷರ ಕೂಡಿಸಿ ಅದನ್ನು ಓದಬಲ್ಲವಳು ಅತ್ತಿ ಒಬ್ಬಳೇ. ದಿನಾ ಓದಿ ಓದಿ ಕಾರ್ಡಿನ ಮೂಲೆಗಳು ಮೆತ್ತಗಾಗಿದ್ದವು.

ಆದರೆ ಅವರ ಮನೆಯ ರೇಡಿಯೋ ಹೋಳಿ ಹುಣ್ಣಿಮೆಯಿಂದ ಮೌನ ಹಿಡಿದಿತ್ತು.

ನಾನು ನೂಲಿನ ವಸೂಲಿಗೆ ಅಕ್ಕಲಕೋಟಕ್ಕೆ ಹೋದಾಗ ಅತ್ತಿ ನನ್ನನ್ನು ಅಡುಗೆಮನೆಗೆ ಕರೆದು, ಶೇಂಗಾ ಹೋಳಿಗೆ ಬಡಿಸಿ, ದನಿ ತಗ್ಗಿಸಿ ಕೇಳಿದಳು. “ಮಲ್ಲ್ಯಾ, ನೀ ರೇಡಿಯೋ ಸಾಲಿ ಕಲ್ತೀಯಲ್ಲ, ಇದರ ಬಾಯಿ ಬಿಡಸ್ತೀಯೇನು?”

“ಬಾಜೂ ಮನ್ಯಾಗ ಟ್ರಾನ್ಸಿಸ್ಟರ್ ಐತಲ್ಲ, ಅಲ್ಲಿ ಕೇಳಿದ್ರ ಆತು” ಎಂದೆ.

“ನಾ ಕೇಳೂದು ಏನೈತಿ ಅದರಾಗ? ನಿಮ್ಮ ಮಾವ ಕೇಳಬೇಕೋ. ಅವರು ಇನ್ನೊಬ್ಬರ ಮನಿ ಕಟ್ಟಿ ಹತ್ತಾವರಲ್ಲ. ಇಪ್ಪತ್ತೆಂಟು ವರ್ಷ ಆತು, ಮಗ್ಗಲದಾಗ ಕುಂತು ಪೇಪರ್ ಓದ್ತಾರ, ಒಂದ ದಿನಾ ಛಲೋ ಹಾಡಿದಿ ಅಂದಿಲ್ಲ. ಕೆಟ್ಟ ಹಾಡಿದಿ ಅಂತನೂ ಅಂದಿಲ್ಲ, ಅಂದಿದ್ರ ಜಗಳರೇ ಆಡ್ತಿದ್ದೆ. ಆದ್ರ ರೇಡಿಯೋದಾಗ ಬಂದದ್ದು ಅಂದ್ರ ಅವರು ಕಿವಿಗೊಟ್ಟ ಕೇಳ್ತಾರ, ಬಾತಮಿ ಹತ್ತಿದ್ರ ಕೆಮ್ಮೂದಿಲ್ಲ ಸೈತ. ಒಂದ ಸಲ ಹಂಗ ನನ್ನ ಪದ ಕೇಳಿದ್ರ ಸಾಕು ನನಗ.”

ಸಿದ್ರಾಮಪ್ಪ ಮಾವನನ್ನು ನೀವು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಒಳ್ಳೆಯ ಮನುಷ್ಯ, ಆದರೆ ಮಾತು ಅವನಿಗೆ ಬೀಜದ ಜೋಳ. ಕಾಲ ಬಂದಾಗ ಮಾತ್ರ ಹೊರಗೆ ತೆಗೆಯುವವನು. ನಾನು ರೇಡಿಯೋ ಬಿಚ್ಚುವಾಗ ಖುರ್ಚಿಯಲ್ಲಿ ಕೂತು ನೋಡಿದ. “ಆಗತದೇನು?” ಎಂದ. “ಒಂದ ವಾಲ್ವ್ ಹೋಗೇತ್ರಿ ಮಾವಾ, ಸಿಕ್ರ ಆಗತದ” ಎಂದೆ. ಅವತ್ತಿನ ನಮ್ಮ ಮಾತು ಅಷ್ಟೇ.

ಸಿಗುವುದೇ ಕಷ್ಟವಾಗಿತ್ತು. ಎಲ್ಲ ಅಂಗಡಿಗಳಲ್ಲೂ ವಾಲ್ವ್ ಬೇಡದ ಟ್ರಾನ್ಸಿಸ್ಟರು ಬಂದು ಕೂತಿದ್ದವು. ವಾಲ್ವ್ ಕೇಳಿದರೆ ಅಜ್ಜನ ಕೋಲು ಕೇಳಿದಂತೆ ನೋಡುತ್ತಿದ್ದರು. ಮುಂಬೈಯಿಂದ ತರಿಸಲು ಎರಡು ತಿಂಗಳು. ಮೌಲಾಸಾಬ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ನಂಬರು ಬರೆದುಕೊಟ್ಟು, “ಸತ್ತ ರೇಡಿಯೋ ಹುಡುಕು” ಎಂದ.

ಸತ್ತ ರೇಡಿಯೋಕ್ಕೇನು ಬರವಿರಲಿಲ್ಲ. ಮದುವೆಯಲ್ಲಿ ಅಳಿಯನಿಗೆ ರೇಡಿಯೋ ಕೊಡುವ ರೂಢಿ ಇದ್ದ ಕಾಲ. ಹಾಡು ನಿಂತು ಹೋದರೂ ಅದು ಪಡಸಾಲೆಯ ಮಾಡದಲ್ಲಿ, ಕೈಯಿಂದ ಹೆಣೆದ ಹೊದಿಕೆ ಹೊದ್ದು, ಮೇಲೊಂದು ಪ್ಲಾಸ್ಟಿಕ್ ಹೂವಿಟ್ಟುಕೊಂಡು ಹಿರಿಯರ ಹಾಗೆ ಕೂತಿರುತ್ತಿತ್ತು. ಸೈಕಲ್ ಮೇಲೆ ಹದಿನೈದು ದಿನ ತಿರುಗಿದೆ. ಗಿರಾಕಿಗಳ ಮನೆ, ಬೀಗರ ಮನೆ, ಎಂಐಡಿಸಿಯ ಕಾರ್ಖಾನೆ ಬಡಾವಣೆಯಲ್ಲಿ ಮಗ್ಗ ಹಾಕಿದವರ ಮನೆ. ಒಂದರೊಳಗೆ ಇಲಿಯ ಸಂಸಾರ ಇತ್ತು. ಇನ್ನೊಂದರೊಳಗೆ ಮನೆಯೊಡತಿ ಗಂಡನಿಗೆ ಗೊತ್ತಾಗದಂತೆ ಬಚ್ಚಿಟ್ಟ ಬೆಳ್ಳಿಯ ಕಾಲುಂಗುರ, ಬಟ್ಟಲು ಇದ್ದವು; ನಾನು ರಟ್ಟು ಬಿಚ್ಚುತ್ತೇನೆಂದಾಗ ಆಕೆಯ ಮುಖ ಯಾಕೆ ಬಿಳಚಿಕೊಂಡಿತೆಂದು ಆಗ ತಿಳಿಯಿತು. ಮುಚ್ಚಿ ಮೊದಲಿನಂತೆ ಸ್ಕ್ರೂ ಹಾಕಿ ಬಂದೆ.

ವಳಸಂಗದ ಒಬ್ಬ ಮುದುಕಿ ಬಾಗಿಲಿಗೆ ಅಡ್ಡ ನಿಂತಳು. “ನನ್ನ ತವರಮನಿ ರೇಡಿಯೋ ಅದು. ಅದರ ಕರಳ ತಗೀಬ್ಯಾಡ.”

“ಹೊರಗಿಂದ ಹಂಗ ಇರ್ತದ ಬಿಡವ್ವಾ. ಒಳಗಿನ ಒಂದು ಗಾಜಿನ ಬುಡ್ಡಿ ಅಷ್ಟ. ನಮ್ಮತ್ತಿ ಪದ ರೇಡಿಯೋದಾಗ ಬರೂದೈತಿ.”

“ಯಾವ ಪದ?”

“ಬೀಸೂ ಪದ.”

ಮುದುಕಿ ಹೊದಿಕೆಯನ್ನು ತಾನೇ ಎತ್ತಿ ಮಡಚಿಟ್ಟಳು. ನನಗೆ ಬೇಕಾದ ನಂಬರಿನ ವಾಲ್ವ್ ಇಡೀ ಜಿಲ್ಲೆಯಲ್ಲಿ ಅಲ್ಲೇ ಕಾದು ಕೂತಂತೆ ಕೂತಿತ್ತು. ಮೌಲಾಸಾಬ ಅದನ್ನು ತನ್ನ ಮಶೀನಿಗೆ ಹಾಕಿ ನೋಡಿ, “ಜೀವ ಐತಿ” ಎಂದ. ಅವತ್ತು ನಾನು ಸೈಕಲ್ ತುಳಿದದ್ದು ನನಗೆ ನೆನಪೇ ಇಲ್ಲ, ಅಷ್ಟು ಖುಷಿ.

ಬೇಕಾದದ್ದು ಒಂದೇ ಆದರೂ, ತಿರುಗುವಾಗ ಸಿಕ್ಕದ್ದನ್ನೆಲ್ಲ ಎತ್ತಿಕೊಂಡು ಬಂದಿದ್ದೆ. ಒಟ್ಟು ಇಪ್ಪತ್ತಮೂರು. ಆಸೆಬುರುಕತನ ಎನ್ನಿ, ದೂರದೃಷ್ಟಿ ಎನ್ನಿ. ಎಲ್ಲವನ್ನೂ ಅಂಗಡಿಯ ನೂಲಿನ ಗುಂಜಿನಲ್ಲಿ ಸುತ್ತಿ ಒಂದು ಡಬ್ಬಿಗೆ ತುಂಬಿ, ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟೆ. ಮನೆಯಲ್ಲಿ ಯಾರೂ ಕೈ ಹಾಕದ ಜಾಗ ಅದೊಂದೇ ಎಂದು ನನ್ನ ಲೆಕ್ಕ.

ದಸರೆಯ ಹಿಂದಿನ ದಿನ, ಆಯುಧಪೂಜೆಯ ಖಂಡೇನವಮಿಯಂದು, ಜಳಕ ಮಾಡಿ ಬಂದು ನೋಡುತ್ತೇನೆ, ದೇವರ ಮುಂದೆ ಅಂಗಡಿಯ ತಕ್ಕಡಿ, ಕಬ್ಬಿಣದ ಕಲ್ಲುಗಳು, ಕತ್ತರಿ, ಅಪ್ಪನ ಪೆನ್ನು. ಅವುಗಳ ಪಕ್ಕದಲ್ಲಿ ಹಿತ್ತಾಳೆಯ ಪರಾತದ ತುಂಬ ನನ್ನ ಇಪ್ಪತ್ತಮೂರು ವಾಲ್ವುಗಳು. ಥಳಥಳ ಹೊಳೆಯುತ್ತಿದ್ದವು. ಒಂದೊಂದರ ನೆತ್ತಿಯ ಮೇಲೂ ಕುಂಕುಮದ ಬೊಟ್ಟು, ಒಂದೊಂದು ಸೇವಂತಿಗೆಯ ಎಸಳು.

“ಎಲ್ಲಾರ ಹತಿಯಾರ ಪೂಜಾ ಮಾಡ್ತೀವಿ, ನಿನ್ನವು ಬ್ಯಾಡೇನು?” ಅವ್ವ ಹೆಮ್ಮೆಯಿಂದ ಹೇಳಿದಳು. “ಏನ್ ಜಿಡ್ಡು ಹತ್ತಿತ್ತೋ ತಮ್ಮಾ! ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಕೈ ಸೋತು ಹೋದ್ವು. ಈಗ ನೋಡು, ಕನ್ನಡಿ ಆಗ್ಯಾವ.”

ಒಂದನ್ನು ಎತ್ತಿ ನೋಡಿದೆ. ಇನ್ನೊಂದನ್ನು ನೋಡಿದೆ. ನಂಬರು ಎಲ್ಲಿ? ಇಪ್ಪತ್ತಮೂರಕ್ಕೂ ಇಲ್ಲ. ಬುಡ್ಡಿಗಳ ಮೇಲೆ ಕುಂಕುಮ ಬಿಟ್ಟರೆ ಬೇರೆ ಗುರುತಿಲ್ಲ. ಗಾತ್ರದಲ್ಲಿ ಎದ್ದು ಕಾಣುವವನ್ನು ತೆಗೆದಿಟ್ಟರೂ ಹತ್ತು ಹನ್ನೆರಡು ಅವಳಿ ಜವಳಿಗಳಂತೆ ನನ್ನನ್ನೇ ನೋಡುತ್ತಿದ್ದವು. ಮೌಲಾಸಾಬನ ಅಂಗಡಿಗೆ ಓಡಿದರೆ ಬೀಗ; ಮಗಳ ಊರಿಗೆ ಹೋಗಿದ್ದಾನೆ, ಎಂಟು ದಿನ ಬರುವುದಿಲ್ಲ ಎಂದರು. ಅಂದಾಜಿನ ಮೇಲೆ ಒಂದೊಂದನ್ನೇ ಹಾಕಿ ನೋಡುವಂತಿರಲಿಲ್ಲ. ಅತ್ತಿಯ ರೇಡಿಯೋದಲ್ಲಿ ಬದುಕಿದ್ದ ನಾಲ್ಕನ್ನೂ ನಾನೇ ಕೊಂದಂತಾಗುತ್ತಿತ್ತು.

ಸಿಟ್ಟಿನಲ್ಲಿ ಮನೆಗೆ ಬಂದು ಅವ್ವನಿಗೆ ಅನಬಾರದ್ದು ಅಂದೆ. “ನಿಂಗೇನ್ ತಿಳೀತದ? ಕಂಡದ್ದೆಲ್ಲಾ ತಿಕ್ಕೂದೊಂದ ಗೊತ್ತು!” ಹಬ್ಬದ ದಿನ ನಾನು ಊಟ ಬಿಟ್ಟೆ. ನಾನು ಬಿಟ್ಟೆನೆಂದು ಅವಳೂ ಬಿಟ್ಟಳು. ಈಗಲೂ ಆ ಮಾತು ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅವ್ವ ಪರಾತವನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಕೂತಳು. ಒಂದು ವಾಲ್ವಿನ ಕುಂಕುಮವನ್ನು ಸೆರಗಿನಿಂದ ಮೆಲ್ಲಗೆ ತೆಗೆದಳು. ಏನಾದರೂ ಮಾಡಿ ನನ್ನನ್ನು ಸಮಾಧಾನ ಮಾಡಬೇಕಾಗಿತ್ತು ಅವಳಿಗೆ, ಮತ್ತು ಅವಳಿಗೆ ಗೊತ್ತಿದ್ದ ಸಮಾಧಾನ ಒಂದೇ, ಒರೆಸುವುದು. ಅಪ್ಪನ ಚಾಳೀಸು ಕನ್ನಡಕದ ಗಾಜು ಒರೆಸುವಾಗ ಮಾಡುವಂತೆ ಬುಡ್ಡಿಯನ್ನು ಬಾಯಿಯ ಹತ್ತಿರ ಹಿಡಿದು “ಹ್ಹಾ” ಎಂದು ಉಸಿರು ಬಿಟ್ಟಳು.

“ಮಲ್ಲ್ಯಾ, ಇದೇನೋ ಇದು? ಏನೋ ಬರದಂಗ ಐತಿ.”

ಕಸಿದುಕೊಂಡು ನೋಡಿದೆ. ಉಸಿರಿನ ಮಂಜು ಕಟ್ಟಿದ ಗಾಜಿನ ಮೇಲೆ, ಬಣ್ಣ ಹೋದರೂ ಅದು ಕೂತಿದ್ದ ಜಾಗದಲ್ಲಿ, ಅಕ್ಷರಗಳೂ ಅಂಕಿಗಳೂ ಸ್ಪಷ್ಟವಾಗಿ ಎದ್ದಿದ್ದವು. ಮಂಜು ಆರುತ್ತಿದ್ದಂತೆ ಮಾಯವಾದವು.

“ಅವ್ವಾ, ಮತ್ತ ಊದು!”

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ಓಣಿಯವರು ನೋಡಿದ್ದರೆ ತಾಯಿ ಮಗನಿಗೆ ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಿದ್ದರು. ಅವ್ವ ಉಸಿರು ಬಿಡುವುದು, ನಾನು ಮಂಜು ಆರುವುದರೊಳಗೆ ಓದುವುದು, ನೂಲಿನ ಪೇಟಿಗೆ ಅಂಟಿಸುವ ಚೀಟಿಯಲ್ಲಿ ಬರೆದು ಹಚ್ಚುವುದು. ವಳಸಂಗದ ವಾಲ್ವ್ ಹದಿನಾರನೆಯ ಉಸಿರಿಗೆ ಸಿಕ್ಕಿತು. ನಾನು ಕುಣಿದೆ. ಆದರೂ ಉಳಿದ ಏಳನ್ನು ಬಿಡಲಿಲ್ಲ. “ಸಾಕೋ ಯಪ್ಪಾ, ದಮ್ಮ ಹತ್ತಿತು” ಎಂದು ಅವ್ವ ಗೋಡೆಗೆ ಒರಗಿದಾಗ ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಸಂಜೆ ಕೂಡಿಯೇ ಉಂಡೆವು.

ದಸರೆಯ ಮರುದಿನ ಅಕ್ಕಲಕೋಟದ ಎಸ್‌ಟಿ ಬಸ್ಸು ಹತ್ತಿದೆ. ಡಬ್ಬಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡಿದ್ದೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಸೀಟಿನಿಂದ ಎದ್ದು ಅರ್ಧ ನಿಲ್ಲುತ್ತಿದ್ದೆ. ಕಂಡಕ್ಟರ್ ಎರಡು ಸಲ ನೋಡಿ, ಮೂರನೆಯ ಸಲ ದೊಡ್ಡ ದನಿಯಲ್ಲಿ “ಕಾಯ್ ಪಾವಣಂ, ಅಂಡೀ ಆಹೇತ ಕಾ?” ಎಂದು ಕೇಳಿದ. ಅಂಡೀ ಎಂದರೆ ಮೊಟ್ಟೆ; ಹಣೆಯ ಮೇಲೆ ಮೂರು ಬೆರಳು ವಿಭೂತಿ ಇಟ್ಟುಕೊಂಡವನ ಡಬ್ಬಿಯಲ್ಲಿ ಕೋಳಿಮೊಟ್ಟೆ! ಮುಂದಿನ ಸೀಟಿನಲ್ಲಿ ಕೂತ ಜಂಗಮರೊಬ್ಬರು ಪೂರ್ತಿ ತಿರುಗಿ ನನ್ನನ್ನು ನೋಡಿದರು. ಮುಚ್ಚಳ ತೆಗೆದು ತೋರಿಸಿದೆ. ಬುಡ್ಡಿಗಳ ನೆತ್ತಿಯ ಮೇಲೆ ಅಲ್ಲಲ್ಲಿ ಕುಂಕುಮ ಉಳಿದಿತ್ತು. ಅವರು ಏನು ತಿಳಿದುಕೊಂಡರೋ, ಕೈ ಮುಗಿದರು.

ವಾಲ್ವ್ ಹಾಕಿ, ಮಾಳಿಗೆಯ ಮೇಲಿನ ಏರಿಯಲ್ ತಂತಿ ಸರಿಮಾಡಿ, ಬಟನ್ ತಿರುಗಿಸಿದೆ. ಬುಡ್ಡಿಗಳು ಕೆಂಪಗಾದವು. ಗೊರ್‌ ಎಂಬ ಸಪ್ಪಳ, ಆಮೇಲೆ ಯಾರೋ ಮರಾಠಿಯಲ್ಲಿ ಹತ್ತಿಯ ರೋಗದ ಬಗ್ಗೆ ಹೇಳುತ್ತಿದ್ದರು. ಅಷ್ಟು ಇಂಪಾದ ದನಿಯನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಮಾವ “ಹೂಂ” ಎಂದ. ಅದು ನನಗೆ ಸಿಕ್ಕ ಸರ್ಟಿಫಿಕೇಟು.

ಮರುದಿನ ಬೆಳಿಗ್ಗೆ ಅತ್ತಿ ಬೀಸುವ ಕಲ್ಲಿಗೆ ಕೂಡಲಿಲ್ಲ. ಒಲೆಯ ಮೇಲೆ ರೊಟ್ಟಿ ಹಾಕಿ, ಅಡುಗೆಮನೆಯ ಬಾಗಿಲಿಗೆ ಬರುವುದು, ಮತ್ತೆ ಒಳಗೆ ಹೋಗುವುದು ಮಾಡುತ್ತಿದ್ದಳು. ಹಿಂದೆ ಹಿಡಿಯುವ ಮೂವರು ಗೆಳತಿಯರು ಬಂದು ಕಟ್ಟೆಯ ಮೇಲೆ ಕೂತರು. ಮಕ್ಕಳನ್ನು ಗದರಿಸಿ ಸುಮ್ಮನೆ ಕೂಡಿಸಿದ್ದಾಯಿತು. ಮಾವ ಎಂದಿನಂತೆ ಆರಾಮ ಖುರ್ಚಿಯಲ್ಲಿ, ಪೇಪರ್ ತೊಡೆಯ ಮೇಲೆ. ನಾನು ರೇಡಿಯೋದ ಹಿಂದೆ, ಕೈಯಲ್ಲಿ ಸ್ಕ್ರೂಡ್ರೈವರ್.

ಬಾತಮಿ ಮುಗಿಯಿತು. ಹೆಣ್ಣುಮಗಳೊಬ್ಬಳು ಅಚ್ಚ ಕನ್ನಡದಲ್ಲಿ, ಅಕ್ಕಲಕೋಟದ ನೀಲವ್ವ ಮತ್ತು ಸಂಗಡಿಗರು ಎಂದಳು. ಮಕ್ಕಳು “ಹೋ” ಎಂದವು. ಪದ ಎದ್ದಿತು.

ಅತ್ತಿ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ನಗುತ್ತಾಳೆಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ನಗಲಿಲ್ಲ. ಒಂದು ನುಡಿ ಮುಗಿಯುವುದರೊಳಗೆ ಮುಖ ಸಣ್ಣದಾಯಿತು.

“ಇದು ನಾನಲ್ಲೋ ಮಲ್ಲ್ಯಾ” ಎಂದಳು. “ನನ್ನ ದನಿ ಹಿಂಗ ಎಲ್ಲೈತಿ? ಇಷ್ಟ ತೆಳ್ಳಗ? ಯಾರದೋ ಹಾಕ್ಯಾರ ಅವರು. ಹೆಸರು ನಂದು, ದನಿ ಮತ್ತ್ಯಾರದೋ.”

ತನ್ನ ದನಿಯನ್ನು ಮೊದಲ ಸಲ ಹೊರಗಿನಿಂದ ಕೇಳಿದ ಎಲ್ಲರಿಗೂ ಹೀಗೇ ಆಗುತ್ತದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ. ತಪ್ಪು ನನ್ನ ವಾಲ್ವಿನದೇ ಎಂದುಕೊಂಡೆ. ಇಷ್ಟೆಲ್ಲ ತಿರುಗಿ, ಊದಿ, ಹೊತ್ತು ತಂದು ಕಡೆಗೆ ಅತ್ತಿಯ ಪದವನ್ನು ನಾನೇ ಕೆಡಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಬಟನ್ ತಿರುಗಿಸಿ ಸರಿಮಾಡಲು ಕೈ ಚಾಚಿದೆ.

“ಏ, ಕೈ ಹಚ್ಚಬ್ಯಾಡ” ಎಂದ ಮಾವ. ಆಮೇಲೆ ಅತ್ತಿಯ ಕಡೆ ತಿರುಗಿ, “ನಿಂದ ಐತಿ ಅದು” ಎಂದ.

“ನಿಮಗೇನ್ರಿ ಗೊತ್ತು?” ಅತ್ತಿಯ ದನಿ ಒಡೆದಿತ್ತು.

“ನೀ ಇವತ್ತ ಮೊದಲನೇ ಸಲ ಕೇಳಾಕತ್ತಿ” ಎಂದ ಮಾವ. “ನಾ ಇಪ್ಪತ್ತೆಂಟು ವರ್ಷದಿಂದ ಕೇಳಾಕತ್ತೀನಿ. ನನಗ ಗೊತ್ತಾಗೂದಿಲ್ಲೇನು? ಸುಮ್ಮ ಕುಂದರು, ಮುಂದಿನ ನುಡಿ ಛಲೋ ಐತಿ.”

ಅತ್ತಿ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ, ಮಾವನ ಖುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಮನೆಯನ್ನೆಲ್ಲ ತುಂಬಿತು. ಪದ ಮುಗಿಯುವವರೆಗೆ ಯಾರೂ ಏಳಲಿಲ್ಲ.